ನಡುಗಡ್ಡೆಯವರ ಸೇತುವೆ, ಪ್ರವಾಸಿಗರ ಲಾಂಚು

ಶರಾವತಿಯ ಹಿನ್ನೀರಿಗೆ ಸೇತುವೆಯಾದಂದಿನಿಂದ, ಮಲೆನಾಡಿನ ಮಳೆಗಾಲ ನೋಡಿ ಬಂದವರ ಮಾತಿನಲ್ಲಿ ಒಂದು ವಿಷಾದ ಮತ್ತೆ ಮತ್ತೆ ಕೇಳಿಬರುತ್ತಿದೆ. ಅಂಬಾರಗೋಡ್ಲಿನ ದಡದಲ್ಲಿ ಲಾಂಚಿಗಾಗಿ ಕಾಯುವ ಸುಖ ಹೋಯಿತು. ಬಸ್ಸು, ಕಾರು, ಜನರನ್ನೆಲ್ಲ ಒಟ್ಟಿಗೆ ಹೊತ್ತು ಮಳೆಯ ತೆರೆಯೊಳಗೆ ಮೆಲ್ಲಗೆ ಸಾಗುತ್ತಿದ್ದ ಆ ಪಯಣದ ಸೊಗಸು ಹೋಯಿತು. ಇನ್ನು ಸಿಗಂದೂರೂ ಎಲ್ಲ ಊರುಗಳಂತೆ ಒಂದು ಊರು, ಎಂಬುದು ಅದರ ಸಾರ. ಊರು ಬಿಟ್ಟು ದೂರ ನೆಲೆಸಿರುವ ನಮ್ಮಂಥವರಲ್ಲಿ ಈ ವಿಷಾದ ಇನ್ನಷ್ಟು ಗಾಢ. ಅದನ್ನು ಒಪ್ಪಲಾಗದು ಎಂದು ಹೇಳುವುದಕ್ಕಾಗಿಯೇ ಈ ಬರಹ.

ಪುಣೆಯಲ್ಲಿ ಬಹುಕಾಲದಿಂದ ನೆಲೆಸಿರುವ ನಾವಿಬ್ಬರೂ, ಗಂಡ ಹೆಂಡತಿ, ಈ ಮಳೆಗಾಲದಲ್ಲಿ ಕಾರಿನಲ್ಲಿ ಆ ಸೀಮೆಯನ್ನು ಸುತ್ತಿದೆವು. ಬೆಳಗಾವಿ, ಹುಬ್ಬಳ್ಳಿ ದಾಟಿ ಶಿರಸಿಗೆ. ಅಲ್ಲಿಂದ ಬನವಾಸಿ ನೋಡಿಕೊಂಡು ಸಾಗರಕ್ಕೆ. ಕೆಳದಿ, ಇಕ್ಕೇರಿಗಳ ತರುವಾಯ ಸೇತುವೆಯ ಮೇಲೆ ಹಾಯ್ದು ಸಿಗಂದೂರು, ತುಮರಿ. ಕೊನೆಗೆ ನಿಟ್ಟೂರಿನ ದಾರಿಯಾಗಿ ನಗರ. ಐದು ದಿನವೂ ಮಳೆ ಬಿಡಲಿಲ್ಲ. ಕಂಡದ್ದು ಸುಂದರವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಸೌಂದರ್ಯ ಹುಟ್ಟಿದ್ದು ಹೇಗೆ, ಅದರ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಆ ನೀರನ್ನು ನೋಡಲು ಸಾಧ್ಯವಿಲ್ಲವೆಂದು ನಮಗನಿಸಿತು.

ಮೊದಲಾಗಿ, ಅದು ಸರೋವರವಲ್ಲ. ಈ ವಿಷಯದಲ್ಲಿ ನಮ್ಮ ಭಾಷೆ ಪ್ರವಾಸದ ಜಾಹೀರಾತುಗಳಿಗಿಂತ ಪ್ರಾಮಾಣಿಕವಾಗಿದೆ. ಅದು ‘ಹಿನ್ನೀರು’ ಎನ್ನುತ್ತದೆ. ಮುಂದೆ ಹರಿಯಬೇಕಾಗಿದ್ದ ನದಿ ತಡೆಗೆ ಸಿಕ್ಕಿ ಹಿಂದಕ್ಕೆ ಹಬ್ಬಿದ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಕಣಿವೆಯ ಗದ್ದೆ, ತೋಟ, ಮನೆ, ಗುಡಿಗಳು ನೀರಿನಡಿಗೆ ಹೋದವು; ಗುಡ್ಡಗಳ ನೆತ್ತಿಗಳಷ್ಟೇ ಮೇಲೆ ಉಳಿದವು. ಇಂದು ನಾವು ದ್ವೀಪಗಳೆಂದು ಚಿತ್ರ ತೆಗೆಯುವುದು ಆ ನೆತ್ತಿಗಳನ್ನು. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರುಣಿಸಲು 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಇದೇ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದು ಮೇಲೆದ್ದು ನಿಲ್ಲುತ್ತದೆ, ಜನ ನೋಡಲು ಹೋಗುತ್ತಾರೆ. ಮುಳುಗಿದ ಅಣೆಕಟ್ಟಿಗೆ ಹೆಸರಿದೆ, ನೋಡುವವರಿದ್ದಾರೆ. ಮುಳುಗಿದ ಊರುಗಳ ಹೆಸರನ್ನು ದಾರಿಯುದ್ದಕ್ಕೂ ಒಂದು ಫಲಕದ ಮೇಲೂ ನಾವು ಓದಲಿಲ್ಲ.

ಹಾಗೆ ಉಳಿದ ನೆಲಗಳಲ್ಲಿ ದೊಡ್ಡದು ತುಮರಿಯ ಕಡೆಯ ಕರೂರು ಹೋಬಳಿ. ತಾಲ್ಲೂಕು ಕೇಂದ್ರವಾದ ಸಾಗರಕ್ಕೂ ಅದಕ್ಕೂ ನಡುವೆ ನೀರು ಬಂದು ನಿಂತಿತು. ಒಂದೋ ಬಹುದೂರ ಸುತ್ತಿ ಹೋಗಬೇಕು, ಇಲ್ಲವೇ ಲಾಂಚು ಹತ್ತಬೇಕು. ಲಾಂಚು ಸಂಜೆಗೆ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನಗಳನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಪ್ರವಾಸಿಗನಿಗೆ ಇದು ಒಂದು ದಿನದ ಸ್ವಾರಸ್ಯ. ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ನೋವು ಬಂದವಳಿಗೆ, ಕಾಲೇಜಿಗೆ ಹೋಗುವ ಹುಡುಗಿಗೆ, ಅಡಿಕೆಯನ್ನು ಪೇಟೆಗೆ ಸಾಗಿಸುವ ಬೆಳೆಗಾರನಿಗೆ ಅದು ದಿನನಿತ್ಯದ ಕಟ್ಟಳೆ. ಅದೇ ದೋಣಿ, ಅದೇ ನಿಧಾನ. ನಮಗೆ ಆ ನಿಧಾನವೇ ವಿರಾಮ, ಅವರಿಗೆ ಅದು ಕಳೆದುಹೋದ ಒಂದು ದಿನದ ಕೂಲಿ. ನಾವು ಕಾರನ್ನು ಲಾಂಚಿನಿಂದಿಳಿಸಿ ಮುಂದೆ ಹೊರಟುಬಿಡುತ್ತಿದ್ದೆವು, ಅವರು ಮರುದಿನ ಮತ್ತೆ ಅದೇ ದಡಕ್ಕೆ ಬರುತ್ತಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ತೆರೆದ, ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆ ಕೊನೆಗಾಣಿಸಿದ್ದು ಈ ಕಟ್ಟಳೆಯನ್ನು. ಅಣೆಕಟ್ಟು ಮುಗಿದು ಆಗಲೇ ಅರವತ್ತು ವರ್ಷಗಳಾಗಿದ್ದವು.

ಈ ಮುಳುಗಡೆಯ ಕಥೆಯನ್ನು ಕನ್ನಡಕ್ಕೆ ತಂದವರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು, ಸಾಗರದಲ್ಲೇ ಬದುಕಿ ಬರೆದವರು ಅವರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ನೀರು ದೃಶ್ಯವಲ್ಲ, ದಿನದಿನಕ್ಕೆ ಮೆಟ್ಟಿಲೇರುವ ಭಯ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಿತ್ರವನ್ನು ನೋಡಿದವರು ಅದರ ಮಳೆಯನ್ನು ಮರೆಯಲಾರರು. ಆದರೆ ಆ ಮಳೆ ಬೀಳುತ್ತಿರುವುದು ಇಂದೋ ನಾಳೆಯೋ ಬಿಟ್ಟು ಹೋಗಬೇಕಾದ ಮನೆಯ ಮೇಲೆ ಎಂಬುದನ್ನೂ ಮರೆಯಬಾರದು. ಡಿಸೋಜರು ತೀರಿಕೊಂಡದ್ದು 2025ರ ಜನವರಿಯಲ್ಲಿ. ಸೇತುವೆ ತೆರೆದದ್ದು ಅದಾದ ಆರು ತಿಂಗಳಿಗೆ.

ಆ ಸೀಮೆಯ ಚರಿತ್ರೆಯ ಊರುಗಳೂ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತವೆ. ಕೆಳದಿಯ ನಾಯಕರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಂದು ನಗರವೆನಿಸಿರುವ ಬಿದನೂರಿಗೆ ಬದಲಿಸಿದರು. ಅರಸರು ಊರು ಬಿಟ್ಟದ್ದು ತಮ್ಮದೇ ತೀರ್ಮಾನದಿಂದ. ಅವರು ಬಿಟ್ಟು ಹೋದ ಗುಡಿ, ಕೋಟೆಗಳಿಗೆ ಫಲಕವೂ ಇದೆ, ರಕ್ಷಣೆಯೂ ಇದೆ. ಶರಾವತಿ ಕಣಿವೆಯ ಒಕ್ಕಲುಗಳು ಬಿಟ್ಟದ್ದು ಸರಕಾರದ ನೋಟೀಸಿನಿಂದ. 1689ರಲ್ಲಿ ಮೊಗಲರ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮ ಆಶ್ರಯ ಕೊಟ್ಟಳೆಂದು ಮಹಾರಾಷ್ಟ್ರದಲ್ಲಿ ನೆಲೆಸಿರುವ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪರರಿಗೆ ಆಶ್ರಯವಿತ್ತ ಅದೇ ನೆಲದಲ್ಲಿ, ನಾಡಿಗೆ ಬೆಳಕು ಕೊಡಲು ಮನೆ ತೊರೆದವರ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಹೆಮ್ಮೆಯ ಪಕ್ಕದಲ್ಲಿ ಈ ಮಾತನ್ನೂ ಇಟ್ಟು ನೋಡುವುದು ನ್ಯಾಯ.

ಸೇತುವೆಯಿಂದ ಎಲ್ಲವೂ ಒಳಿತೇ ಆಗುತ್ತದೆಂದು ನಾವು ಹೇಳುತ್ತಿಲ್ಲ. ವಾಹನಗಳು ಹೆಚ್ಚುತ್ತವೆ, ಅವುಗಳ ಹಿಂದೆಯೇ ರೆಸಾರ್ಟು, ಪ್ಲಾಸ್ಟಿಕ್ಕು, ಜಮೀನು ಕೊಳ್ಳುವವರ ಸಾಲು ಬರುತ್ತದೆ. ಕಾಡಿನ ಬಗ್ಗೆ ಆತಂಕಪಡುವವರ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಬೇಕಾದದ್ದು ಕಟ್ಟುನಿಟ್ಟಾದ ನಿಯಮ, ಸೇತುವೆಯಿಲ್ಲದ ಬದುಕಲ್ಲ. ಕಾಡು ಉಳಿಯಬೇಕೆಂಬ ಮಾತು ಬೇರೆ, ನಮ್ಮ ರಜೆಯ ಸೊಗಸು ಉಳಿಯಬೇಕೆಂಬ ಮಾತು ಬೇರೆ. ಎರಡನೆಯದು ಮೊದಲನೆಯದರ ವೇಷ ತೊಟ್ಟು ಬರುವುದನ್ನು ಗುರುತಿಸಬೇಕು.

ಹೊರನಾಡಿನ ಕನ್ನಡಿಗರಾದ ನಮಗೆ ಇಲ್ಲೊಂದು ವಿಶೇಷ ಹೊಣೆಯಿದೆ. ನಾವು ಊರು ಬಿಟ್ಟೆವು. ರಸ್ತೆ, ಆಸ್ಪತ್ರೆ, ಕಾಲೇಜುಗಳು ಕೈಯಳತೆಯಲ್ಲಿರುವ ನಗರಗಳನ್ನು ಸೇರಿದೆವು. ಬಿಟ್ಟು ಬಂದ ಊರು ಮಾತ್ರ ಬಿಟ್ಟಾಗ ಹೇಗಿತ್ತೋ ಹಾಗೆಯೇ ಇರಲಿ ಎಂದು ಬಯಸುತ್ತೇವೆ. ವರ್ಷಕ್ಕೊಮ್ಮೆ ಬಂದು ನೋಡಿ ಕಣ್ಣು ತುಂಬಿಸಿಕೊಳ್ಳಲು ನಮಗೊಂದು ಚಿತ್ರ ಬೇಕು. ಆ ಚಿತ್ರದೊಳಗೆ ಇರಬೇಕಾದವರು ಬೇರೆಯವರು. ತವರಿನ ಮೇಲಿನ ಪ್ರೀತಿ ಅಲ್ಲಿಯವರ ಅನನುಕೂಲದ ಮೇಲಿನ ಪ್ರೀತಿಯಾಗಬಾರದು.

ಮಳೆಗಾಲದಲ್ಲಿ ಆ ಕಡೆ ಹೋಗಬೇಡಿ ಎಂದಲ್ಲ, ಖಂಡಿತ ಹೋಗಿ. ಹೊರಡುವ ಮುನ್ನ ‘ಮುಳುಗಡೆ’ಯನ್ನೋ ‘ದ್ವೀಪ’ವನ್ನೋ ಓದಿಕೊಳ್ಳಿ. ಸ್ಥಳೀಯರು ನಡೆಸುವ ಮನೆಗಳಲ್ಲಿ ಉಳಿಯಿರಿ. ಹಿರಿಯರು ಸಿಕ್ಕರೆ, ಆಲಿಸುವ ವ್ಯವಧಾನವಿದ್ದರೆ, ನೀರಿನಡಿಯ ಊರುಗಳ ಹೆಸರು ಕೇಳಿ ಬರೆದುಕೊಳ್ಳಿ. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ಇದು ಯಾವ ಸರೋವರ ಎಂದು ಕೇಳಿದಾಗ, ಸರೋವರವಲ್ಲ, ಹಿನ್ನೀರು ಎಂದು ತಿದ್ದಿ, ಆ ಒಂದು ಪದದ ಅರ್ಥವನ್ನು ಬಿಡಿಸಿ ಹೇಳಿ. ನಾವು ತೆತ್ತುವ ಯಾವ ಪ್ರವೇಶ ಶುಲ್ಕಕ್ಕಿಂತಲೂ ಆ ನೆಲಕ್ಕೆ ಅದು ಹೆಚ್ಚು ಸಲ್ಲಬೇಕಾದ ಬಾಕಿ.