ಕ್ಯೂರಿಂಗ್ ಟ್ಯಾಂಕಿನಲ್ಲಿ ಕರಗಿದ ರೋಮ್

ವೈಟ್‌ಫೀಲ್ಡ್‌ನಿಂದ ಸರ್ಜಾಪುರದ ಕಡೆ ಬಸ್ಸಲ್ಲಿ ಹೋರ್ಡಿಂಗ್ ಓದ್ತಾ ಹೋದ್ರೆ ಒಂದು ವಿಷಯ ಗೊತ್ತಾಗುತ್ತೆ: ಇಲ್ಲಿ ಯಾರಿಗೂ ಮನೆ ಬೇಡ, ‘ವಿಲ್ಲಾ’ ಬೇಕು. ಅದರಲ್ಲೂ ರೋಮನ್ ಶೈಲಿಯದು. ಕಳೆದ ಸೆಮ್‌ನಲ್ಲಿ ಅಂಥದ್ದೊಂದಕ್ಕೆ ಸೈಟ್ ವಿಸಿಟ್ ಹೋಗಿದ್ವಿ. ಬಾಗಿಲ ಮುಂದಿನ ದಪ್ಪ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿದೆ, ಡಬ್ ಡಬ್ ಅಂತು. ಫೈಬರ್, ಒಳಗೆ ಟೊಳ್ಳು. ಭಾರ ಹೊತ್ತಿದ್ದು ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಆರ್‌ಸಿಸಿ ಕಾಲಮ್ಮು.

ನಿಜವಾದ ರೋಮನ್ ಮನೆಯನ್ನು ಹಳೇ ಪದ್ಧತಿಯಲ್ಲೇ ಮತ್ತೆ ಕಟ್ಟಿ ನೋಡಿದವರೂ ಇದ್ದಾರೆ. 2010ರಲ್ಲಿ ಇಂಗ್ಲೆಂಡಿನ ರಾಕ್ಸಿಟರ್ ಅನ್ನೋ ಹಳೇ ರೋಮನ್ ಪಟ್ಟಣದ ಜಾಗದಲ್ಲಿ, ಅಲ್ಲೇ ಅಗೆದಾಗ ಸಿಕ್ಕ ಮನೆಯೊಂದರ ಪಾಯ ನೋಡಿಕೊಂಡು, ಈ ಕಾಲದ ಆರು ಜನ ಕಟ್ಟಡ ಕೆಲಸದವರು ರೋಮನ್ನರ ರೀತಿಯಲ್ಲಿ ಕಟ್ಟಿದರು. 2011ರಲ್ಲಿ ಅದು ಚಾನೆಲ್ 4ರಲ್ಲಿ ಸರಣಿಯಾಗಿ ಬಂತು. ದಿನಾ ಸಿಮೆಂಟ್ ಕಲಸೋ ಕೈಗಳು ಸುಣ್ಣದ ಮುಂದೆ ಮತ್ತೆ ಅಪ್ರೆಂಟಿಸ್ ಆಗೋದೇ ಅದರ ಮಜಾ.

ನನ್ನ ವಾದ ಇಷ್ಟೇ: ನಮ್ಮ ಕ್ಯಾಂಪಸ್ಸಲ್ಲೂ ಅಂಥದ್ದೊಂದು ಆಗಬೇಕು. ರೋಮನ್ ವಿಲ್ಲಾ ಬೇಡ, ಹತ್ತಡಿ ಹನ್ನೆರಡಡಿಯ ಒಂದು ಕೋಣೆ ಸಾಕು. ಮಣ್ಣು, ಸುಣ್ಣ, ಸುರ್ಕಿ, ಹೆಂಚು.

ಯಾಕೆ ಅಂದ್ರೆ, ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೂ ನಮಗೆ ಗೊತ್ತಿರಲಿಲ್ಲ. ನಾವು ಮೂವರು ಮಿನಿ ಪ್ರಾಜೆಕ್ಟ್‌ಗೆ ಸುಣ್ಣದ ಗಾರೆಯ 70.6 ಮಿ.ಮೀ. ಕ್ಯೂಬ್ ಹಾಕಿದ್ವಿ. ವಾರ ಕಾದು ಮೋಲ್ಡ್ ಬಿಚ್ಚಿ, ಸಿಮೆಂಟ್ ಕ್ಯೂಬ್‌ಗೆ ಮಾಡೋ ಹಾಗೇ ಕ್ಯೂರಿಂಗ್ ಟ್ಯಾಂಕಿಗೆ ಇಳಿಸಿ ಕ್ಯಾಂಟೀನಿಗೆ ಹೋದ್ವಿ. ಮಾರನೇ ದಿನ ಟ್ಯಾಂಕ್ ತುಂಬಾ ಮಜ್ಜಿಗೆ! ಸೀನಿಯರ್‌ಗಳ ಎಂ25 ಕ್ಯೂಬ್‌ಗಳಿಗೆಲ್ಲ ಸುಣ್ಣ ಬಳಿದಂತಾಗಿತ್ತು. ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ತಪ್ಪು ಫಸ್ಟ್ ಇಯರ್ ಕೆಮಿಸ್ಟ್ರಿಯದ್ದೇ. ಸಿಮೆಂಟ್ ಗಟ್ಟಿಯಾಗೋದು ನೀರಿನಿಂದ. ಬರೀ ಸುಣ್ಣ ಗಟ್ಟಿಯಾಗೋದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು, ಹೊರಗಿಂದ ಒಳಗೆ, ನಿಧಾನವಾಗಿ. ಸಮೀಕರಣ ಬರೆಯೋಕೆ ಮೂವರಿಗೂ ಬರ್ತಿತ್ತು. ಕೈಗೆ ಮಾತ್ರ ಬರ್ತಿರಲಿಲ್ಲ.

ಕಾಲೇಜಿನ ಹಿಂದಿನ ಹಳ್ಳಿಯಲ್ಲಿ (ಈಗ ಅರ್ಧ ಪಿಜಿ, ಅರ್ಧ ಗೋಡೌನ್) ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. ಹೋಗಿ ಹೇಳಿಕೊಂಡಾಗ ನಕ್ಕು, “ಸುರ್ಕಿ ಹಾಕ್ದೆ ನೀರಿಗೆ ಬಿಟ್ರೆ ಏನಪ್ಪಾ ಆಗುತ್ತೆ?” ಅಂದರು. ಇಟ್ಟಿಗೆ ಪುಡಿ ಮಾಡಿ, ಆದರೆ ಕರ್ರಗೆ ಸುಟ್ಟಿದ್ದು ಬೇಡ, ಸ್ವಲ್ಪ ಹಸಿಯಾಗಿ ಸುಟ್ಟಿದ್ದು ತಗೊಳ್ಳಿ ಅಂದರು. ಸುಣ್ಣಕ್ಕೆ ಸಮ ಸುರ್ಕಿ ಹಾಕಿ, ನಾಲ್ಕು ವಾರ ಒದ್ದೆ ಗೋಣಿ ಕೆಳಗಿಟ್ಟು ಟ್ಯಾಂಕಿಗೆ ಹಾಕಿದ್ವಿ. ಕರಗಲಿಲ್ಲ. ಯುಟಿಎಂನಲ್ಲಿ ಬಂದ ಸಂಖ್ಯೆ ಸಿಮೆಂಟಿನ ಮುಂದೆ ಹೇಳಿಕೊಳ್ಳೋ ಹಾಗಿಲ್ಲ, ಆದರೆ ಕ್ಯೂಬು ಕ್ಯೂಬಾಗೇ ಇತ್ತು.

ಇದೇ ರೋಮನ್ನರ ಗುಟ್ಟು. ಜ್ವಾಲಾಮುಖಿ ಬೂದಿ ಸಿಗದ ಕಡೆ ಅವರೂ ಹೆಂಚು, ಇಟ್ಟಿಗೆ ಕುಟ್ಟಿ ಸುಣ್ಣಕ್ಕೆ ಬೆರೆಸುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆ ವಿಟ್ರುವಿಯಸ್ ಇದನ್ನು ಬರೆದಿಟ್ಟಿದ್ದಾನೆ. ಅಷ್ಟು ದೂರ ಯಾಕೆ, 1911ರಲ್ಲಿ ಶುರುವಾದ ನಮ್ಮ ಕೆಆರ್‌ಎಸ್ ಕಟ್ಟೆಯ ಕಲ್ಲುಗಳನ್ನು ಹಿಡಿದಿರೋದು ಸುರ್ಕಿ ಗಾರೆ. ಎಂಜಿನಿಯರ್ಸ್ ಡೇಗೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ, ಆ ಗಾರೆ ಕಲಸೋದು ಹೇಗೆ ಅಂತ ಯಾರೂ ಕೇಳಲ್ಲ.

ಹಳೇದನ್ನು ಉಳಿಸೋಕೆ ಮ್ಯೂಸಿಯಂ ಇದೆಯಲ್ಲ ಅಂತೀರಾ? ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿ ಬಂದವನಾಗಿ ಹೇಳ್ತೀನಿ, ಅದು ದೊಡ್ಡ ಕೆಲಸ. ವಾಸ್ತುಶಿಲ್ಪದ ಡಿಗ್ರಿ ಇಲ್ಲದ ವಿಜಯನಾಥ ಶೆಣೈ ಅವರು ಕುಂಜೂರಿನ ಚೌಕಿ ಮನೆ, ಮುಧೋಳದ ದರ್ಬಾರು, ಕುಕನೂರಿನ ಕಮಲ್ ಮಹಲ್ ಎಲ್ಲವನ್ನೂ ಬಿಚ್ಚಿ ತಂದು ಅಲ್ಲಿ ಜೋಡಿಸಿದರು. ಆದರೆ ಕಂಬ, ತೊಲೆ ಬಿಚ್ಚಿ ತರಬಹುದು. ಮಣ್ಣಿನ ಗೋಡೆ ಲಾರಿ ಹತ್ತಲ್ಲ, ಅದನ್ನು ಹೊಸದಾಗೇ ಕಟ್ಟಬೇಕು. ಕಟ್ಟೋಕೆ ಬರೋರು ಇರಬೇಕು.

“ಮಗಾ, ಪ್ಲೇಸ್‌ಮೆಂಟ್‌ಗೆ ಇದರಿಂದ ಏನು ಉಪಯೋಗ?” ಅಂತ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಪೀಣ್ಯದಲ್ಲಿ ಶೆಡ್ಡನ್ನೋ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹತ್ತು ಮಹಡಿಯನ್ನೋ ಸುಣ್ಣದಲ್ಲಿ ಕಟ್ಟಿ ಅಂತ ನಾನು ಹೇಳ್ತಿಲ್ಲ, ಅದು ಹುಚ್ಚು. ಆದರೆ ನಮ್ಮಲ್ಲಿ ಯಾರಾದರೂ ಒಬ್ಬರ ಕೈಗೆ ನಾಳೆ ಹಳೇ ದೇವಸ್ಥಾನವೋ ಶಾಲೆಯೋ ರಿಪೇರಿಗೆ ಬರುತ್ತೆ. ಅದರ ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಿಸಿ ಬಿಲ್ ಮಾಡ್ತೀವಿ. ಒಳಗಿನ ತೇವ ಹೊರಬರೋಕೆ ದಾರಿ ಇಲ್ಲದೆ ಗೋಡೆ ಕೊಳೆಯುತ್ತೆ. ಇಂಥ ಗೋಡೆಗಳನ್ನು ಈಗಾಗಲೇ ನೋಡಿದ್ದೀವಿ, ‘ಡ್ಯಾಂಪ್ ಬಂದಿದೆ’ ಅಂತ ಮತ್ತೊಂದು ಕೋಟ್ ಸಿಮೆಂಟ್ ಹೊಡೆಸೋದನ್ನೂ ನೋಡಿದ್ದೀವಿ.

ವರ್ಕ್‌ಶಾಪ್ ಹಿಂದೆ ಸ್ಕ್ರ್ಯಾಪ್ ಬಿದ್ದಿರೋ ಜಾಗ ಸಾಕು. ಮೇಸ್ತ್ರಿ ತಾತ ಬರೋಕೆ ಒಪ್ಪಿದ್ದಾರೆ. ದಿನಕ್ಕೆ ಎರಡು ಗಂಟೆ, ಕೂತ್ಕೊಂಡು ಹೇಳ್ತೀನಿ, ಮಂಡಿ ಬಗ್ಗಲ್ಲ ಅಂದಿದ್ದಾರೆ. ಅರಳಿಸಿದ ಸುಣ್ಣ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆತಷ್ಟೂ ಒಳ್ಳೇದಂತೆ. ಹಾಗಾಗಿ ಮುಂದಿನ ಸೆಮ್‌ನಲ್ಲಿ ಗೋಡೆ ಏಳಬೇಕಂದ್ರೆ ಗುಂಡಿ ಈಗಲೇ ತೋಡಬೇಕು. ಎಚ್‌ಒಡಿಗೆ ಕೊಡೋ ಪತ್ರ ಕ್ಲಬ್ ರೂಮಿನ ಮೇಜಿನ ಮೇಲಿದೆ. ಇದುವರೆಗೆ ಹನ್ನೊಂದು ಸಹಿ ಬಿದ್ದಿದೆ, ಅದರಲ್ಲಿ ಏಳು ಸಿಎಸ್‌ನವರದ್ದು.