ಅಲಂಕಾರ ಸಮಿತಿಗೆ ಹುಡುಗರ ಹೆಸರೂ ಬರೀರಿ

ಹೋದ ವರ್ಷ ಫೈನಲ್ ಇಯರ್ ಸೀನಿಯರ್ಸ್‌ಗೆ ಫೇರ್‌ವೆಲ್ ಕಾರ್ಡ್ ಮಾಡೋ ಕೆಲಸ ನಮ್ಮ ಬ್ಯಾಚಿಗೆ ಬಂತು. ನಾವೇನು ಮಾಡಿದ್ವಿ? ಫ್ಯಾನ್ಸಿ ಸ್ಟೋರಿಗೆ ಹೋಗಿ ಗ್ಲಿಟರ್ ಶೀಟು, ಫೋಮ್ ಹೂವು, ಅಂಟಿಸೋ ಮುತ್ತು ಎಲ್ಲಾ ಪ್ಯಾಕೆಟ್‌ಗಟ್ಟಲೆ ತಂದು ಅಂಟಿಸಿದ್ವಿ. ಮೇಲೆ 'ಹ್ಯಾಂಡ್‌ಮೇಡ್ ವಿತ್ ಲವ್' ಅಂತ ಬರೆದ್ವಿ. ಕಾರ್ಯಕ್ರಮ ಮುಗಿಯೋ ಹೊತ್ತಿಗೆ ಅರ್ಧ ಮುತ್ತು ನೆಲದ ಮೇಲಿದ್ದವು. ಒಬ್ಬ ಸೀನಿಯರ್ ನಗ್ತಾ ಕೇಳಿದ್ರು, "ಇದರಾಗೆ ನಿಮ್ಮ ಹ್ಯಾಂಡ್ ಎಲ್ಲೈತಿ?" ನಮ್ಮ ಹತ್ರ ಉತ್ತರ ಇರಲಿಲ್ಲ.

ಆ ಪ್ರಶ್ನೆಯಿಂದಲೇ ಈ ಬರಹ. ನಮ್ಮ ಮಾತು ಇಷ್ಟೇ: ಕಾರ್ಡಿಗೆ, ಗಿಫ್ಟಿಗೆ ಹಚ್ಚೋ ಅಲಂಕಾರವನ್ನು ನಾವೇ ಮಾಡಬೇಕು, ಹುಡುಗ ಹುಡುಗಿ ಎಲ್ಲರೂ. ಯಾಕಂದ್ರೆ ಒಂದು ಗೊಂಡೆಯನ್ನಾದರೂ ಸ್ವಂತ ಕೈಯಿಂದ ಕಟ್ಟಿದ ಮೇಲೇ ಬೇರೆಯವರ ಕೈಕೆಲಸದ ಬೆಲೆ ಗೊತ್ತಾಗೋದು.

ಸಾಮಾನಿಗೆ ನಮಗೇನು ಬರವಿಲ್ಲ. ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ಹೊಲಿಯೋ ಕಡೆ ಕೇಳಿದ್ರೆ ಅಂಗೈ ಅಗಲದ ಡೆನಿಮ್ ಚೂರು ಚೀಲ ತುಂಬಾ ಸಿಗ್ತವೆ. ಡೆನಿಮ್‌ನಲ್ಲಿ ಉದ್ದದ ನೂಲಿಗೆ ಮಾತ್ರ ನೀಲಿ ಬಣ್ಣ, ಅಡ್ಡದ ನೂಲು ಬಿಳಿ. ಹಾಗಾಗಿ ಅಂಚಿನ ಬಿಳಿ ಎಳೆಗಳನ್ನ ಒಂದೊಂದೇ ಎಳೆದು ತೆಗೆದ್ರೆ ನೀಲಿ ಝಾಲರಿ ಉಳಿಯುತ್ತೆ, ಪಕ್ಕದ ಅಂಚಲ್ಲಿ ನೀಲಿ ಎಳೆ ತೆಗೆದ್ರೆ ಬಿಳಿ ಝಾಲರಿ. ಒಂದೇ ಚೂರಿಗೆ ಎರಡು ಬಣ್ಣದ ಅಂಚು. ಇದನ್ನ ಕಂಡುಕೊಂಡ ದಿನ ನಮಗೆ ಲ್ಯಾಬಲ್ಲಿ ರೀಡಿಂಗ್ ಸರಿ ಬಂದಷ್ಟೇ ಖುಷಿ ಆಯ್ತು.

ಸಿರುಗುಪ್ಪದ ಗೆಳೆಯ ಊರಿಗೆ ಹೋದಾಗ ಒಣಗಿದ ನೆಲ್ಲಿನ ತೆನೆ ತಂದ. ತುಂಗಭದ್ರಾ ಕಾಲುವೆ ನೀರಿನ ಊರು, ಅಲ್ಲಿ ನೆಲ್ಲಿಗೇನು ಕಮ್ಮಿ. ಎರಡು ತೆನೆ ಸೇರಿಸಿ ಕಟ್ಟಿದ್ರೆ ಕಾರ್ಡಿನ ಮೂಲೆಗೆ ಬೇರೇನೂ ಬೇಡ. ಅದೇ ನೆಲ್ಲಿನ ಅಕ್ಕಿ ಗಂಜಿಯಲ್ಲಿ ಡೆನಿಮ್ ಪಟ್ಟಿ ಅದ್ದಿ, ಸುರುಳಿ ಸುತ್ತಿ ಒಣಗಿಸಿದ್ರೆ ಗಟ್ಟಿ ಗುಲಾಬಿ ಆಗುತ್ತೆ. ಇಸ್ತ್ರಿ ಸೀರೆಗೆ ಗಂಜಿ ಹಾಕೋ ಅದೇ ಲೆಕ್ಕ.

ಕುರುಗೋಡಿನ ಗೆಳತಿಯ ಮನೆಯಲ್ಲಿ ನಮ್ಮ ಮಾನ ಹೋಯ್ತು. ಡೆನಿಮ್‌ನಿಂದ ಕಿತ್ತ ಎಳೆ ವೇಸ್ಟ್ ಆಗಬಾರದು ಅಂತ ಫೋನಲ್ಲಿ 'ಟ್ಯಾಸೆಲ್' ಮಾಡೋದು ಹೆಂಗೆ ಅಂತ ಹುಡುಕ್ತಾ ಕೂತಿದ್ವಿ. ಅವಳ ಅಜ್ಜಿ ಇಣುಕಿ ನೋಡಿ, "ಇದು ಗೊಂಡೆ ಅಲ್ಲೇನ್ರೇ? ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಕಟ್ಟತಿದ್ವಲ್ಲ" ಅಂದ್ರು. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೆ ಟ್ಯಾಸೆಲ್ ಗೊತ್ತು, ಗೊಂಡೆ ಗೊತ್ತಿಲ್ಲ! ಅಜ್ಜಿ ಎಳೆಗಳ ಕಟ್ಟನ್ನು ನಡುವೆ ಬಿಗಿದು, ಮಡಚಿ, ಕುತ್ತಿಗೆಗೆ ಇನ್ನೊಂದು ಎಳೆ ಸುತ್ತಿ ಗಂಟು ಹಾಕಿ, ತುದಿ ಸಮ ಕತ್ತರಿಸಿದ್ರು. ಎರಡೇ ನಿಮಿಷ. ನಾವು ಕಟ್ಟಿದ ಮೊದಲನೇದು ಇಪ್ಪತ್ತು ನಿಮಿಷ ತಗೊಂಡು, ಆಮೇಲೆ ಬಿಚ್ಚಿ ಹೋಯ್ತು.

ಈ ಇಪ್ಪತ್ತು ನಿಮಿಷವೇ ನಮಗೆ ಪಾಠ. ನಮ್ಮದೇ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕನ್ನಡಿ, ಕವಡೆ, ಗೊಂಡೆ, ಒಂದೊಂದೂ ಕೈಯಿಂದ ಕೂರಿಸಿದ್ದು. ಆದ್ರೆ ಅಂಥದ್ದೊಂದು ಪರ್ಸ್ ಕೈಗೆ ಸಿಕ್ಕಾಗ ನಾವು ಕೇಳೋದೇನು? "ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಕ್ಕಾ." ಗ್ಲಿಟರ್ ಪ್ಯಾಕೆಟ್‌ಗೆ ಎಂಆರ್‌ಪಿ ಪೂರ್ತಿ ಕೊಡ್ತೀವಿ, ಕೈಕೆಲಸಕ್ಕೆ ಚೌಕಾಸಿ ಮಾಡ್ತೀವಿ. ಗೊಂಡೆ ಕಟ್ಟಿ ಬೆರಳು ನೋಯಿಸಿಕೊಂಡ ಮೇಲೆ ಆ ಮಾತು ನಮ್ಮ ಬಾಯಿಂದ ಬರ್ತಿಲ್ಲ.

ಇನ್ನು ನಮ್ಮ ಕ್ಲಾಸಿನ ವಿಷಯ. ಪ್ರತಿ ಫೆಸ್ಟಿಗೆ ಪಟ್ಟಿ ಬರುತ್ತೆ: ಟೆಕ್ನಿಕಲ್ ಟೀಮಿಗೆ ಹುಡುಗರು, ಅಲಂಕಾರ ಸಮಿತಿಗೆ ಹುಡುಗಿಯರು. ರಾತ್ರಿ ಕೂತು ಕಾಗದ ಕತ್ತರಿಸಿದವರಿಗೆ ವೇದಿಕೆ ಮೇಲೆ ಒಂದು ಥ್ಯಾಂಕ್ಸ್ ಕೂಡ ಇಲ್ಲ. "ಅದು ಲೇಡೀಸ್ ಕೆಲಸ" ಅನ್ನೋ ಹುಡುಗರಿಗೆ ನಮ್ಮ ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಗಂಡಸರ ಕೈಯಲ್ಲಿರೋದು ಸೂಜಿ ದಾರ ಅಲ್ಲದೆ ಇನ್ನೇನು? ಮಾಡದೇ ಇರೋದರಿಂದಲೇ ಅದು ಸುಲಭ ಅನ್ನಿಸುತ್ತೆ, ಸುಲಭ ಅನ್ನಿಸಿದ್ದಕ್ಕೆ ಬೆಲೆ ಇರಲ್ಲ.

ಟೈಮ್ ಎಲ್ಲಿದೆ, ಇಂಟರ್ನಲ್ಸ್ ಇದೆ ಅಂತೀರಿ. ನಿಜ. ನೂರು ಕಾರ್ಡ್ ಹೀಗೆ ಮಾಡೋಕಾಗಲ್ಲ. ಹಾಗಾದ್ರೆ ಹತ್ತೇ ಮಾಡೋಣ, ಉಳಿದವಕ್ಕೆ ಬರೀ ಅಕ್ಷರ ಸಾಕು. ನಾವು ಮಾಡಿದ್ದು ಅಂಗಡಿಯದರಷ್ಟು ಫಿನಿಶಿಂಗ್ ಇರಲ್ಲ ಅನ್ನೋದೂ ನಿಜ. ಆದ್ರೆ ಗ್ಲಿಟರ್ ಅಂದ್ರೆ ಪ್ಲಾಸ್ಟಿಕ್ ಪುಡಿ. 2023ರ ಅಕ್ಟೋಬರ್‌ನಿಂದ ಯುರೋಪಿಯನ್ ಒಕ್ಕೂಟ ಸಡಿಲ ಪ್ಲಾಸ್ಟಿಕ್ ಗ್ಲಿಟರ್ ಮಾರೋದನ್ನೇ ನಿಲ್ಲಿಸಿದೆ. ನಮ್ಮ ಸೊಟ್ಟ ಗುಲಾಬಿ ಅದಕ್ಕಿಂತ ಮೇಲು.

ನವೆಂಬರ್ 1ರ ರಾಜ್ಯೋತ್ಸವಕ್ಕೆ ಅತಿಥಿಗಳ ಕಾರ್ಡ್ ಹೀಗೇ ಮಾಡೋಣ ಅಂತ ಕ್ಲಬ್ಬಿಗೆ ಹೇಳಿದ್ದೀವಿ. ಡೆನಿಮ್ ಚೂರು ನಾವು ತರ್ತೀವಿ. ಸಮಿತಿ ಪಟ್ಟಿ ಇನ್ನೂ ಖಾಲಿ ಐತಿ. ಮೊದಲ ಐದು ಹೆಸರು ಹುಡುಗರದ್ದಾಗಿರಲಿ, ಗೊಂಡೆ ಕಟ್ಟೋದು ನಾವು ಕಲಿಸ್ತೀವಿ. ಅಜ್ಜಿ ನಮಗೆ ಕಲಿಸಿದ ಹಂಗೆ, ಸ್ವಲ್ಪ ಬೈದು.