ಗಾಂಧಿ ಕ್ಲಾಸಿನಿಂದ: ಕಾವೇರಿ ಮನೆಗೆ ಬಂದ ಮೇಲೆ

ನಮಗೆಲ್ಲ ಒಂದು ಬಿರುದುಂಟು, ಗೊತ್ತಲ್ಲ? 'ಸಿನಿಮಾ ಹುಚ್ಚರು'! ಮನೆಯಲ್ಲಿ ಅಪ್ಪ ಬೈಯುವಾಗಲೂ ಅದೇ ಶಬ್ದ, ಕಟೌಟಿಗೆ ಹಾರ ಹಾಕುವಾಗ ನಾವೇ ಎದೆಯುಬ್ಬಿಸಿ ಹೇಳಿಕೊಳ್ಳುವುದೂ ಅದೇ ಶಬ್ದ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ತನ್ನಷ್ಟಕ್ಕೆ ಮಾತಾಡುತ್ತ ಕೂತವನಿಗೂ ನಾವು ಅದನ್ನೇ ಕೂಗುತ್ತೇವೆ. ಆಗ ಮಾತ್ರ ಅದು ಬಿರುದಲ್ಲ, ಕಲ್ಲು! ಈ ವಾರ ಹೊಸ ಚಿತ್ರಗಳ ಸುದ್ದಿ ಬದಿಗಿಟ್ಟು ಈ ಶಬ್ದದ ಕಥೆ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಮ್ಮ ವಾಮಂಜೂರು ಜಂಕ್ಷನ್ನಿನಲ್ಲಿ ಐದು ಜನರ ಒಂದು ಗ್ಯಾಂಗು. ಶುಕ್ರವಾರ ಬಂತೆಂದರೆ ಸ್ಟೇಟ್ ಬ್ಯಾಂಕಿಗೆ ಹೋಗುವ ಬಸ್ಸು ಹತ್ತಿ ಮಂಗಳೂರಿಗೆ ಓಟ. ಐವರಲ್ಲಿ ಒಬ್ಬ ನಮಗೆಲ್ಲ ಗುರು. ಯಾವ ಚಿತ್ರಕ್ಕೆ ಯಾರ ಸಂಗೀತ, ಯಾವ ಹಾಡು ಯಾರು ಬರೆದದ್ದು, ಎಲ್ಲ ಬಾಯಿಪಾಠ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹೆಸರು ಮಾತ್ರ ಹಾಕ್ಬೇಡ" ಅಂದಿದ್ದಾನೆ.)

ಒಂದು ಮಳೆಗಾಲ ಅವನಿಗೆ ರಾತ್ರಿ ನಿದ್ದೆಯೇ ಬಾರದಾಯಿತು. ಬಸ್ಸಿನಲ್ಲಿ ಕೂತವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನತೊಡಗಿದ. ಆಮೇಲೆ ಒಂದು ದಿನ ಇಂಟರ್‌ವಲ್ಲಿನಲ್ಲಿ ನನ್ನ ಕೈ ಹಿಡಿದು, "ಪರದೆ ಮೇಲೆ ಅವ ಹೇಳ್ತಾ ಇರುವುದು ನನಗೇ ಮಾರಾಯ. ನಿನಗೆ ಕೇಳಿಸುವುದಿಲ್ವಾ?" ಅಂದ. ನಾವು ನಕ್ಕೆವು! ಸಿನಿಮಾ ತಲೆಗೇರಿದೆ ಅಂತ ತಮಾಷೆ ಮಾಡಿದೆವು. ಅದು ಕಾಯಿಲೆ ಅಂತ ನಮಗೆ ಹೊಳೆಯಲೇ ಇಲ್ಲ. ನಾವು ಕಂಡ ಚಿತ್ರಗಳಲ್ಲಿ ಹುಚ್ಚು ಅಂದರೆ ಕೆದರಿದ ಕೂದಲು, ಕರೆಂಟಿನ ಶಾಕು, ಇಲ್ಲವೇ ಕಾಮಿಡಿ.

ಮನೆಯವರು ನೂಲು ಕಟ್ಟಿಸಿದರು, ಹರಕೆ ಹೇಳಿಕೊಂಡರು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದರು. ಒಂದೂವರೆ ತಿಂಗಳಲ್ಲಿ ಹುಡುಗ ಸುಧಾರಿಸಿ ಮನೆಗೆ ಬಂದ. ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತಿತ್ತು, ಮೈ ದಪ್ಪವಾಗಿತ್ತು, ಅಷ್ಟೇ.

ಸಿನಿಮಾ ಆಗಿದ್ದರೆ ಇಲ್ಲಿ 'ಶುಭಂ' ಅಂತ ಬೀಳಬೇಕಿತ್ತು. ಬೀಳಲಿಲ್ಲ!

ಮುಂದಿನ ಶುಕ್ರವಾರ ಗ್ಯಾಂಗಿನಲ್ಲಿ ಪಿಸುಪಿಸು. "ಅವನನ್ನು ಕರೆಯುವುದು ಬೇಡ ಮಾರಾಯ. ಟಾಕೀಸಿನಲ್ಲಿ ಎಂಥಾದ್ರೂ ಮಾಡಿದ್ರೆ?" ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನೋ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಂಕ್ಷನ್ನಿಗೆ ಬಂದೇ ಬಂದ. ನಾವು ಕಂಡೂ ಕಾಣದವರ ಹಾಗೆ ಬಸ್ಸು ಹತ್ತಿದೆವು. ಕಿಟಕಿಯಿಂದ ನೋಡಿದೆ. ಕೈ ಎತ್ತಬೇಕೋ ಬೇಡವೋ ಅಂತ ನಿಂತಿದ್ದ.

ಆಮೇಲೆ ಅಂಗಡಿಕಟ್ಟೆಯಲ್ಲಿ ಯಾರೋ, "ಮೆಂಟಲ್ ಮಾತ್ರೆ ಆಯ್ತಾ?" ಅಂತ ಕೇಳಿದರಂತೆ. ನಾಚಿಕೆಯಾಗಿ ಮಾತ್ರೆಯನ್ನೇ ಬಿಟ್ಟ. ನಾಲ್ಕೇ ತಿಂಗಳಲ್ಲಿ ಮತ್ತೆ ಆಸ್ಪತ್ರೆ. ನೋಡಲು ಹೋದ ನನಗೆ ಅವನ ಅಮ್ಮ ಬೈಯಲಿಲ್ಲ. "ಡಾಕ್ಟ್ರು ಗುಣ ಮಾಡಿ ಕಳಿಸಿದ್ರು ಮಗಾ. ಶುಕ್ರವಾರ ಬಂದ್ರೆ ಅವ ನೀವು ಕರೀತೀರಿ ಅಂತ ಬಾಗಿಲಲ್ಲೇ ಕೂತುಕೊಳ್ತಿದ್ದ" ಅಂದರು. ಬೈದಿದ್ದರೇ ಎಷ್ಟೋ ಸುಖವಿತ್ತು.

ಆ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ 'ಶರಪಂಜರ' ನೋಡಿದೆ. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 1972ರ ಚಿತ್ರ, ಕಾವೇರಿಯಾಗಿ ಮಿನುಗುತಾರೆ ಕಲ್ಪನಾ. ಕಾದಂಬರಿ ತ್ರಿವೇಣಿಯವರದು. ಮನಶ್ಶಾಸ್ತ್ರ ಓದಿದ್ದ ಈ ಲೇಖಕಿ 1963ರಲ್ಲೇ ತೀರಿಕೊಂಡರು, ತಮ್ಮ ಕಾವೇರಿಯನ್ನು ತೆರೆಯ ಮೇಲೆ ನೋಡಲಿಲ್ಲ. ಎಲ್ಲರೂ ಹೊಗಳುವುದು ಕಲ್ಪನಾ ಬುದ್ಧಿ ಕಳೆದುಕೊಳ್ಳುವ ದೃಶ್ಯಗಳ ಅಭಿನಯವನ್ನು. ನನ್ನನ್ನು ಅಲ್ಲಾಡಿಸಿದ್ದು ಬೇರೆ. ಹೆರಿಗೆಯ ನಂತರ ಕಾಯಿಲೆ ಬಿದ್ದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳಲ್ಲ, ಆಮೇಲಿನ ರೀಲುಗಳು! ಮನೆಯವರಿಗೂ ನೆರೆಯವರಿಗೂ ಅವಳ ಮೇಲೆ ಸಂಶಯ. ಗಂಡನ ಮನಸ್ಸು ಬೇರೆ ಕಡೆ. ಆಸ್ಪತ್ರೆ ಗುಣ ಮಾಡಿ ಕಳಿಸಿದವಳನ್ನು ಮನೆ ವಾಪಸು ಅಲ್ಲಿಗೇ ಅಟ್ಟುತ್ತದೆ. ವಾಮಂಜೂರು ಜಂಕ್ಷನ್ನಿನಲ್ಲಿ ನಾವು ಮಾಡಿದ್ದೂ ಅದನ್ನೇ ಅಲ್ಲವೇ?

ಇದು ನೂರರಲ್ಲಿ ಒಬ್ಬನ ಕಥೆಯಲ್ಲ. 2015-16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಹೌಸ್‌ಫುಲ್ ಆದ 500 ಸೀಟಿನ ಟಾಕೀಸು ಅಂತ ಲೆಕ್ಕ ಹಾಕಿ. ನಮ್ಮ ಜೊತೆ ಶಿಳ್ಳೆ ಹೊಡೆಯುವ ಐವತ್ತು ಮಂದಿ!

ಇದನ್ನು ಸಿನಿಮಾದವರ ಭಾಷೆಯಲ್ಲೇ ಹೇಳಬೇಕೆಂದು ಹೊರಟ ಡಾಕ್ಟರೊಬ್ಬರಿದ್ದರು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ. ಸುರೇಶ್ ಹೆಬ್ಳೀಕರ್ ನಿರ್ದೇಶಿಸಿ, ರಾಷ್ಟ್ರಪ್ರಶಸ್ತಿ ಪಡೆದ 1988ರ 'ಕಾಡಿನ ಬೆಂಕಿ'ಯ ಹಿಂದೆ ನಿಂತವರು ಇವರು. 2016ರಲ್ಲಿ ತೀರಿಕೊಂಡರು. ಇನ್ನು ಆಟೋ ಓಡಿಸುತ್ತಿದ್ದ ಜೋಸೆಫ್ ಕ್ರಾಸ್ತಾ 2009ರಲ್ಲಿ ನಮ್ಮ ಪಕ್ಕದ ಮಂಜೇಶ್ವರದ ಬಳಿ 'ಸ್ನೇಹಾಲಯ' ಕಟ್ಟಿದರು. ಬೀದಿಯಲ್ಲಿ ಅಲೆಯುತ್ತಿದ್ದ ಮಾನಸಿಕ ರೋಗಿಗಳನ್ನು ಕರೆತಂದು ಆರೈಕೆ ಮಾಡುವ ಮನೆ ಅದು. ಆಟೋ ಡ್ರೈವರಿಗೆ ಆದದ್ದು ಅಭಿಮಾನಿ ಸಂಘಕ್ಕೆ ಆಗಲಿಕ್ಕಿಲ್ಲವಾ?

2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣು ದಾನವಾಯಿತು. ಆಮೇಲೆ ಊರೂರಲ್ಲಿ ನೇತ್ರದಾನಕ್ಕೆ ಹೆಸರು ಬರೆಸಿದವರು ಯಾರು? ನಾವೇ. ಇದಕ್ಕೆ ಅಷ್ಟೂ ಬೇಡ. ಕಟ್ಟೆಯಲ್ಲಿ 'ಮೆಂಟಲ್' ಅಂದವನ ಬಾಯಿ ಮುಚ್ಚಿಸಿದರೆ ಸಾಕು. ಗೆಳೆಯನಿಗೆ ನಿದ್ದೆ ಬಾರದೆ ಮಾತು ಬದಲಾದರೆ ನಗದೆ ಡಾಕ್ಟರಲ್ಲಿಗೆ ಕರೆದೊಯ್ಯಿರಿ. ಸ್ಟೇಟ್ ಬ್ಯಾಂಕಿನಲ್ಲಿ ಇಳಿದರೆ ವೆನ್ಲಾಕ್ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ, ಅಲ್ಲಿ ಮನೋರೋಗ ವಿಭಾಗ ಉಂಟು. ಹೋಗಲು ಅಳುಕಾದರೆ ಮೊದಲು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್, ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆಯಿಂದ ಕೈ ನಡುಗಿದರೆ ಡಾಕ್ಟರಿಗೆ ಹೇಳಬೇಕು, ತಾನಾಗಿ ಬಿಡಬಾರದು.

ಕಾನೂನೂ ನಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಸಮಾಜದ ನಡುವೆ ಬಾಳುವುದು ರೋಗಿಯ ಹಕ್ಕು ಅನ್ನುತ್ತದೆ ಅದು. ಸಂಕೋಲೆ ಹಾಕಿ ಕಟ್ಟುವಂತಿಲ್ಲ. ಆಸರೆಯಿಲ್ಲದೆ ಅಲೆಯುವ ರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಬಸ್‌ಸ್ಟ್ಯಾಂಡಿನ ಮೂಲೆಯವನನ್ನು ಕಂಡರೆ ಠಾಣೆಗೆ ಹೋಗಿ ಇದನ್ನು ಧೈರ್ಯವಾಗಿ ಕೇಳಿ. ಒಬ್ಬನೇ ಹೋಗಲು ಹೆದರಿಕೆಯಾದರೆ ಸಂಘದ ಹತ್ತು ಜನ ಹೋಗಿ. ಫಸ್ಟ್ ಶೋ ಟಿಕೆಟಿಗೆ ಹೋಗುತ್ತೇವಲ್ಲ, ಹಾಗೆ!

ನಮ್ಮ ಗುರುವಿನ ವಿಷಯ ಹೇಳಿ ಮುಗಿಸುತ್ತೇನೆ. ಎರಡನೇ ಸಲ ಮನೆಗೆ ಬಂದ ದಿನ ನಾವು ನಾಲ್ವರೂ ಹೋಗಿ ತಪ್ಪಾಯ್ತು ಅಂದೆವು. ಅವನು ಏನೂ ಹೇಳಲಿಲ್ಲ. ಶುಕ್ರವಾರ ಅದೇ ಇಸ್ತ್ರಿ ಅಂಗಿ ಹಾಕಿ ಬಂದ. ಟಾಕೀಸಿನಲ್ಲಿ ಕೈ ನಡುಗಿ ನೆಲಕಡಲೆ ಚೆಲ್ಲಿತು, ಹೆಕ್ಕಿದೆವು. ಹಾಡು ಬಂದಾಗ ನನ್ನ ಕಿವಿಯಲ್ಲಿ, "ಇದು ಬರೆದದ್ದು ಯಾರು ಹೇಳು?" ಅಂದ. ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಈಗ ನಾವು ಟಿಕೆಟು ಐದು ತೆಗೆಯುತ್ತೇವೆ. ನಿಮ್ಮ ಗ್ಯಾಂಗಿನಲ್ಲಿ ಒಂದು ಟಿಕೆಟು ಕಡಿಮೆಯಾಗಿದ್ದರೆ ಯಾಕೆಂದು ಯೋಚಿಸಿ ನೋಡಿ. ಮುಂದಿನ ವಾರ ಸಿಗುವಾ!